ಕಣ್ಣಳತೆಯ ಅಂಗಿಗಳು

ನಾನು ಟೇಲರ್. ಇಳಕಲ್ಲಿನಲ್ಲಿ ಅಂಗಡಿ ಇಟ್ಟುಕೊಂಡೇ ಕೂದಲು ಬೆಳ್ಳಗಾದವನು. ಊರೆಲ್ಲ ಸೀರೆಯ ಮಾತಾಡಿದರೆ ನಾನು ಮಾತ್ರ ಗಂಡಸರ ಅಂಗಿ, ಪ್ಯಾಂಟು ಹೊಲಿದು ಸಂಸಾರ ಸಾಗಿಸಿದೆ. ಯಾರ ಎದೆ ಎಷ್ಟು, ಯಾರ ಹೊಟ್ಟೆ ಎಷ್ಟು, ಯಾರ ಯಾವ ಭುಜ ಇಳಿದಿದೆ ಎನ್ನುವುದು ಅವರವರ ಹೆಂಡಿರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದು ಜಂಬ ಕೊಚ್ಚುತ್ತಿದ್ದೆ. ಇಂಥವನು ಜಿಮ್ಮಿಗೆ ಯಾಕೆ ಹೋದ ಎಂದು ಕೇಳಬೇಡಿ, ನಾನೇ ಹೇಳುತ್ತೇನೆ.

ಮೈ ಬೆಳೆಸುವ ಹುಚ್ಚೇನೂ ಇರಲಿಲ್ಲ. ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳದೆ ನಿಂತುಬಿಟ್ಟಿತ್ತು, ಅಷ್ಟೆ. ಕಟಿಂಗ್ ಮೇಜಿನ ಆಚೆ ತುದಿಗೆ ಕೈ ಚಾಚಿದರೆ ಭುಜದೊಳಗೆ ಸೂಜಿ ಮುರಿದಂತಾಗುತ್ತಿತ್ತು. ಮೇಲಿನ ಹಲಗೆಯಿಂದ ಬಟ್ಟೆ ಇಳಿಸಬೇಕಾದರೆ ಹೆಂಡತಿ ಹೊಲಿಗೆ ಬಿಟ್ಟೆದ್ದು ಸ್ಟೂಲು ಎಳೆದುಕೊಂಡು ಹತ್ತಬೇಕು. ಗಿರಾಕಿಯ ಎದುರಿಗೆ ಆಕೆ ಹತ್ತಿ ಇಳಿಯುವುದನ್ನು ನೋಡುತ್ತ ನಿಂತರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಬಾಗಲಕೋಟೆಯ ಡಾಕ್ಟರು ಕೈ ಹಿಡಿದು ಎತ್ತಿ, ನಾನು ಕಿರುಚಿದ್ದನ್ನು ಕೇಳಿ, "ಭುಜ ಹಿಡಕೊಂಡೈತ್ರಿ. ಗುಳಗಿಯಿಂದ ಆಗೂದಲ್ಲ ಇದು. ದಿನಾ ವ್ಯಾಯಾಮ ಮಾಡಿದ್ರ ಬಿಡತೈತಿ, ಮಾಡಲಿಲ್ಲಂದ್ರ ಹಿಂಗ ಉಳೀತೈತಿ" ಎಂದರು.

ನನ್ನ ಹೆಂಡತಿಯ ತಮ್ಮ ಆಗಲೇ ನನ್ನ ಅಂಗಡಿಗೆ ಮೊಬೈಲ್ ಮಾರುವವರನ್ನು ಹುಡುಕಿಟ್ಟಿದ್ದ. "ಬಾಡಿಗಿ ಕೊಟ್ಟು ಆರಾಮ ಕೂಡ್ರಿ ಮಾಮಾ, ಈಗ ಯಾರ್ ಹೊಲಿಸ್ತಾರ?" ಅಂದ.

"ಕೂಡಾಕ ನಾ ಏನ್ ಕಟ್ಟಿ ಮ್ಯಾಲಿನ ಕಲ್ಲೇನಲೇ? ಕತ್ತರಿ ಬಿಟ್ಟ್ರ ನನಗ ಬ್ಯಾರೆ ಏನ್ ಬರ್ತೈತಿ?" ಎಂದು ರೇಗಿದೆ. ಮರುದಿನ ಬೆಳಿಗ್ಗೆಯೇ ಅಂಗಡಿಯ ಹಿಂದಿನ ಓಣಿಯಲ್ಲಿದ್ದ ಜಿಮ್ಮಿನ ಮೆಟ್ಟಿಲು ಹತ್ತಿದೆ.

ಒಳಗೆ ಕಾಲಿಟ್ಟು ಸುತ್ತ ನೋಡಿದೆ. ಗೋಡೆಯುದ್ದಕ್ಕೂ ಕನ್ನಡಿ. ಕನ್ನಡಿಯ ಮುಂದೆ ಸಾಲಾಗಿ ಗಂಡಸರು, ಎಲ್ಲರ ಎದೆ ಮುಂದೆ, ಹೊಟ್ಟೆ ಒಳಗೆ. ನಡುವೆ ಒಬ್ಬ ಹುಡುಗ. ಗ್ರಾನೈಟ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆಂದು ಆಮೇಲೆ ಗೊತ್ತಾಯಿತು. ಎಪ್ಪಾ, ಅವನ ಮೈ! ಭುಜ ಅಷ್ಟಗಲ, ಸೊಂಟ ಇಷ್ಟೇ ಇಷ್ಟು. ಅಂಥ ಮೈಗೆ ಅಂಗಿ ಕತ್ತರಿಸುವ ಭಾಗ್ಯ ನನಗೆ ಯಾವತ್ತೂ ಬಂದಿರಲಿಲ್ಲ. ಅವನನ್ನು ಒಮ್ಮೆ ನೋಡಿದ ಕಣ್ಣಿಗೆ ಅಕ್ಕಪಕ್ಕದವರೆಲ್ಲ ಅವನ ಅಣ್ಣತಮ್ಮಂದಿರಂತೆಯೇ ಕಂಡರು. ಈ ಪೈಲ್ವಾನರ ನಡುವೆ ನನ್ನ ಜೋತುಬಿದ್ದ ಹೊಟ್ಟೆ, ಏಳದ ಕೈ ತೋರಿಸಬೇಕೇ ಎಂದು ನಾಚಿಕೆಯಾಗಿ ಮೂಲೆ ಹಿಡಿದೆ.

ಜಿಮ್ ನಡೆಸುವವನಿಗೆ ಎಲ್ಲರೂ ಮಾಸ್ತರ ಎನ್ನುತ್ತಾರೆ. ಅವನು ನನಗೆ ಕಬ್ಬಿಣ ಮುಟ್ಟಲು ಕೊಡಲಿಲ್ಲ. "ಕಾಕಾ, ನೀವು ಗ್ವಾಡಿ ಮ್ಯಾಲ ಬಳ್ಳ ನಡಸ್ರಿ. ಎಷ್ಟು ಏರತಾವೋ ಅಷ್ಟು ಏರಲಿ" ಎಂದ. ಗೋಡೆಗೆ ಮುಖ ಹಾಕಿ ನಿಂತು, ಬಲಗೈಯ ಎರಡು ಬೆರಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುವುದೇ ನನ್ನ ವ್ಯಾಯಾಮ. ಕಿಸೆಯಲ್ಲಿ ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ಇದ್ದೇ ಇರುತ್ತದಲ್ಲ, ಬೆರಳು ನಿಂತಲ್ಲಿ ಗೋಡೆಗೆ ಒಂದು ಗೀಟು ಎಳೆಯುತ್ತಿದ್ದೆ. ಗೀಟು ಗದ್ದದ ಮಟ್ಟಕ್ಕೆ ಬಂತು, ಮೂಗಿನ ಮಟ್ಟಕ್ಕೆ ಬಂತು. ಅಲ್ಲಿಯೇ ಕೂತುಬಿಟ್ಟಿತು. ಮಳೆಗಾಲ ಕಳೆದು ಚಳಿ ಬಿದ್ದರೂ ಮೂಗು ದಾಟಲಿಲ್ಲ. ಒಂದಿನ ಸಿಟ್ಟು ಬಂದು ಗೀಟುಗಳನ್ನೆಲ್ಲ ಅಂಗೈಯಿಂದ ಒರೆಸಿಬಿಟ್ಟೆ. ಬೆರಳು ನಡೆಸುವುದನ್ನು ಬಿಡಲಿಲ್ಲ, ಎಷ್ಟು ಏರಿತು ಎಂದು ನೋಡುವುದನ್ನು ಬಿಟ್ಟೆ.

ಆಗಲೇ ಮಾಸ್ತರ ಅಂಗಿಯ ಮಾತು ತೆಗೆದ. ಬಾಗಲಕೋಟೆಯಲ್ಲಿ ದೇಹದಾರ್ಢ್ಯ ಸ್ಪರ್ಧೆ, ನಮ್ಮ ಗ್ರಾನೈಟ್ ಅಂಗಡಿಯ ಹುಡುಗ ಅದರಲ್ಲಿ ನಿಲ್ಲುತ್ತಾನೆ, ಜಿಮ್ಮಿನವರೆಲ್ಲ ಟೆಂಪೋ ಮಾಡಿಕೊಂಡು ಹೋಗುವುದು, ಎಲ್ಲರಿಗೂ ಒಂದೇ ನಮೂನೆಯ ಕರಿ ಅಂಗಿ. "ನೀವ ಹೊಲೀಬೇಕು ಕಾಕಾ. ಅಳತಿ ಕೊಡಾಕ ಎಲ್ಲಾರೂ ಯಾವಾಗ ಬರೂಣು?"

"ಅಳತಿ ಯಾಕ್ಬೇಕೋ? ದಿನಾ ಮುಂಜಾನಿ ನಿಮ್ಮ ಮಾರಿ ನೋಡಿದ್ದ ನೋಡಿದ್ದು. ನನ್ನ ಕಣ್ಣ ನನಗ ಟೇಪು" ಎಂದೆ.

ಇದು ಬರೀ ಸೊಕ್ಕಿನ ಮಾತಲ್ಲ. ಗಂಡಸರ ಸೊಂಟಕ್ಕೆ ಟೇಪು ಸುತ್ತಿ ನೋಡಿ, ಯಾವನೂ ಉಸಿರು ಬಿಡುವುದಿಲ್ಲ. ಹೊಟ್ಟೆ ಒಳಗೆಳೆದುಕೊಂಡು, ಸೂರು ನೋಡುತ್ತ ನಿಲ್ಲುತ್ತಾನೆ. ಆ ಸುಳ್ಳು ಅಳತೆಗೆ ಹೊಲಿದರೆ ಅಂಗಿ ಮದುವೆಯ ಊಟದ ಪಂಕ್ತಿಯಲ್ಲೇ ಬಾಯಿ ಬಿಡುತ್ತದೆ. ಅದಕ್ಕೇ ನಾನು ಟೇಪು ಹಿಡಿಯುವುದು ಶಾಸ್ತ್ರಕ್ಕೆ, ಕತ್ತರಿಸುವುದು ಕಣ್ಣಿನ ಲೆಕ್ಕಕ್ಕೆ. ಜೊತೆಗೆ ಬದಿಯ ಹೊಲಿಗೆಯೊಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಟ್ಟಿರುತ್ತೇನೆ, ಮುಂದೆ ಹಿಗ್ಗಿದಾಗ ಬಿಚ್ಚಿಕೊಡಲಿಕ್ಕೆ. ನಮ್ಮ ಕಡೆ ಮದುವೆಯಾದ ಗಂಡಸು ಹಿಗ್ಗದೇ ಉಳಿದದ್ದನ್ನು ನಾನು ಕಂಡಿಲ್ಲ.

ಇವರು ಜಿಮ್ಮಿನವರಲ್ಲವೇ, ಇವರಿಗೇಕೆ ಮಡಿಕೆ ಎಂದುಕೊಂಡೆ. ಭುಜ ಅಗಲ, ಎದೆ ದೊಡ್ಡದು, ಕೆಳಗೆ ಬರುತ್ತ ಬರುತ್ತ ಬಿಗಿ. ಹಾಗೆಯೇ ಕತ್ತರಿಸಿದೆ. ಕತ್ತರಿ ಆಡಿಸುವಾಗ ಭುಜ ನೋಯುತ್ತಿತ್ತು. ನೋಯಲಿ ಎಂದು ಹಲ್ಲು ಕಚ್ಚಿ ಎಲ್ಲವನ್ನೂ ನಾನೇ ಕತ್ತರಿಸಿದೆ, ಹೆಂಡತಿ ಹೊಲಿದಳು. ಕೊನೆಗೆ ನನ್ನದೂ ಒಂದು. ಕೈ ಎತ್ತಿದರೆ ಎಳೆಯಬಾರದೆಂದು ಅಂಗಿಯ ಬಗಲಿನಲ್ಲಿ ಸ್ವಲ್ಪ ಸಡಿಲ ಕೊಡಬೇಕು. ನನ್ನ ಅಂಗಿಗೆ ಅದನ್ನು ಕೊಡಲಿಲ್ಲ.

ಹೆಂಡತಿ ನೋಡಿದಳು. "ಬಗಲಾಗ ಭಾಳ ಬಿಗಿ ಆತಲ್ರಿ?"

"ಏಳದ ಕೈಗೆ ಸಡಿಲ ಯಾಕ ಬೇಕು? ಹೊಲಿ ಸುಮ್ನ" ಎಂದೆ. ಆಕೆ ನನ್ನ ಮುಖ ನೋಡಿ ಹಾಗೆಯೇ ಹೊಲಿದಳು.

ಸ್ಪರ್ಧೆಯ ಹಿಂದಿನ ದಿನ ಬೆಳಿಗ್ಗೆ ಗಂಟು ಹೊತ್ತು ಜಿಮ್ಮಿಗೆ ಹೋದೆ. ಎಲ್ಲರೂ ಖುಷಿಯಿಂದ ಹಾಕಿಕೊಳ್ಳತೊಡಗಿದರು. ಮೊದಲು ಹುನಗುಂದದ ಕಾಲೇಜಿನಲ್ಲಿ ಪಾಠ ಹೇಳುವ ಸರ್ ಒಬ್ಬರ ಮುಖ ಸಪ್ಪಗಾಯಿತು. ಭುಜದ ಹೊಲಿಗೆ ಅವರ ತೋಳಿನ ಮೇಲೆ ಇಳಿಬಿದ್ದಿದೆ, ಎದೆಯಲ್ಲಿ ಬಟ್ಟೆ ಗಾಳಿಗಾಡುತ್ತಿದೆ, ಹೊಟ್ಟೆಯ ಹತ್ತಿರ ಗುಂಡಿಗೂ ಕಾಜಕ್ಕೂ ಭೇಟಿಯೇ ಇಲ್ಲ. "ಕಾಕಾ, ಇದು ಖರೇನ ನಂದೇನ್ರಿ?" ಎಂದು ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರ ಗುಂಡಿ ಟಪ್ಪೆಂದು ಹಾರಿ ಕನ್ನಡಿಗೆ ಬಡಿಯಿತು. ಮಾಸ್ತರನದೇ ಅಂಗಿ ಹೊಕ್ಕಳ ಕಾಣುವಂತೆ ಬಾಯಿ ತೆರೆದು ನಿಂತಿತ್ತು. ಇಡೀ ಗಂಟಿನಲ್ಲಿ ಅಚ್ಚಿಗೆ ಹೊಯ್ದಂತೆ ಕೂತದ್ದು ಒಂದೇ ಅಂಗಿ, ಗ್ರಾನೈಟ್ ಅಂಗಡಿಯ ಹುಡುಗನದು.

ನನಗೆ ನಾಚಿಕೆಯಾಗಬೇಕಿತ್ತು, ಬಂದದ್ದು ಸಿಟ್ಟು. "ಅಲ್ಲಲೇ, ದಿನಾ ಮುಂಜಾನೆದ್ದು ಇಲ್ಲಿ ಬಂದು ಏನ್ ಕಿಸದೀರಿ ನೀವೆಲ್ಲಾ? ಆ ಎದಿ ಎಲ್ಲಿ ಹೋತು? ಈ ಹೊಟ್ಟಿ ಎಲ್ಲಿಂದ ಬಂತು?"

ಸರ್ ಜೋರಾಗಿ ನಕ್ಕುಬಿಟ್ಟರು. "ಹೊಟ್ಟಿ ಇಲ್ಲೇ ಇತ್ರಿ ಕಾಕಾ. ಕನ್ನಡಿ ಮುಂದ ಯಾವಾಂವ ಉಸುರು ಬಿಡ್ತಾನ? ನೀವು ಬಂದಾಗಂತೂ ಇನ್ನಷ್ಟು ಬಿಗಿ ಹಿಡೀತಿದ್ವಿ. ಊರ ಮಂದಿ ಅಳತಿ ಗೊತ್ತಿದ್ದವ್ರು ನೀವು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಟೇಪಿನ ಮುಂದೆ ಉಸಿರು ಬಿಗಿ ಹಿಡಿಯುವವರನ್ನು ಜೀವಮಾನವಿಡೀ ನೋಡಿದವನು ಕನ್ನಡಿಯ ಮುಂದೆ ಮೋಸ ಹೋಗಿದ್ದೆ. ಕೊರಳಲ್ಲಿದ್ದ ಟೇಪು ಎಳೆದು, "ಬರ್ರಿ ಒಬ್ಬೊಬ್ರ. ಉಸುರು ಬಿಡ್ರಿ ಮೊದಲ. ಪೂರ್ತಿ ಬಿಡ್ರಿ" ಎಂದೆ.

ಉಸಿರಿನ ಜೊತೆ ಮಾತುಗಳೂ ಹೊರಬಂದವು. ಸರ್‌ಗೆ ಬೈಕಿನ ಮೇಲೆ ದಿನವೂ ಓಡಾಡಿ ಸೊಂಟ ಹಿಡಿದಿದೆಯಂತೆ. ಬ್ಯಾಂಕಿನವರಿಗೆ ಸಕ್ಕರೆ ಕಾಯಿಲೆ. ಇನ್ನೊಬ್ಬನಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಮೈ ದಣಿಸಲಿಕ್ಕೆ ಬರುತ್ತಾನೆ. ಮಾಸ್ತರ ಕೂಡ, "ನಮ್ಮದೂ ಒಂದು ಕಾಲ ಇತ್ರಿ ಕಾಕಾ. ಈಗ ಮಂದಿಗೆ ಹೇಳಿ ಕೊಡೂದ್ರಾಗ ನಂದ ಉಳದ ಬಿಡತೈತಿ" ಎಂದ. ಯಾರ ಕಣ್ಣಿಗೂ ಬೀಳಬಾರದೆಂದು ನಾನು ಮೂಲೆಯಲ್ಲಿ ಗೋಡೆಗೆ ಮುಖ ಹಾಕಿ ನಿಂತಿದ್ದೆನಲ್ಲ, ಇವರು ನನ್ನ ಕಣ್ಣಿಗೆ ಬೀಳಬಾರದೆಂದು ಉಸಿರು ಕಟ್ಟಿ ನಿಂತಿದ್ದರು. ಸಿಟ್ಟು ಇಳಿದು ಮೈ ಹಗುರಾಯಿತು.

ಅಂಗಿ ಸರಿಹೋದ ಹುಡುಗ ಮಾತ್ರ ನಗಲಿಲ್ಲ. "ನನ್ನ ನೋಡಿ ಎಲ್ಲಾರ ಅಳತಿ ಹಿಡೀಬ್ಯಾಡ್ರಿ ಕಾಕಾ. ನಮ್ಮವ್ವನ ಕೈಯಾಗಿನ ಶೇಂಗಾ ಹೋಳಿಗಿ ರುಚಿನ ಮರತೇನಿ. ಮನ್ಯಾಗ ಎಲ್ಲಾರೂ ಕೂಡಿ ಉಣ್ಣುವಾಗ ನಾ ಬ್ಯಾರೆ ತಾಟು ಹಿಡಕೊಂಡು ಕೂಡ್ತೇನಿ. ಕೆಲಸ, ಇದು, ನಿದ್ದಿ, ಇಷ್ಟ. ಮನಿ ಮಠ ಇದ್ದಾವ್ರಿಗೆ ಇದು ಆಗೂದಲ್ಲರಿ." ಅವನ ದನಿಯಲ್ಲಿ ಜಂಬ ಇರಲಿಲ್ಲ. ಆ ಹುಡುಗನ ಮೇಲೆ ನನಗೆ ಮರುಕವೂ ಗೌರವವೂ ಹುಟ್ಟಿದವು.

ಅಂಗಿಗಳನ್ನು ಮತ್ತೆ ಗಂಟು ಕಟ್ಟಿದೆ. "ಇರಲಿ ಬಿಡ್ರಿ ಕಾಕಾ, ಗುಂಡಿ ಹಾಕದ ಹೋಗ್ತೇವಿ" ಎಂದು ಮಾಸ್ತರ ಸಮಾಧಾನ ಹೇಳಲು ಬಂದ. "ನನ್ನ ಕೈಯಾಗಿನ ಅಂಗಿ ಹೊಟ್ಟಿ ತೋರಿಸ್ಕೋತ ಬಾಗಲಕೋಟಿಗೆ ಹೋಗೂದಿಲ್ಲ. ಸಂಜಿಗೆ ಬರ್ರಿ" ಎಂದು ಹೊರಟುಬಂದೆ. ಈ ಅಂಗಿಗಳು ಹೀಗೆಯೇ ಹೋದರೆ ಹೆಂಡತಿಯ ತಮ್ಮನ ಮಾತು ಖರೆಯಾಗುತ್ತಿತ್ತು. ಕೈ ಹೋಯಿತು, ಕಣ್ಣೂ ಹೋಯಿತು, ಇನ್ನು ಅಂಗಡಿ ಯಾಕೆ ಎಂದು ಊರೇ ಅನ್ನುತ್ತಿತ್ತು.

ಬಿಚ್ಚಿ ಹಿಗ್ಗಿಸಲು ಒಳಗೆ ಮಡಿಕೆ ಇಲ್ಲ, ಕರಿ ಬಟ್ಟೆ ಒಂದು ತುಂಡೂ ಉಳಿದಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತೆ, ಎಡಗೈ ಮಾತ್ರ. ಹೆಂಡತಿ ತಾನು ಕುಪ್ಪಸ ಹೊಲಿದು ಉಳಿಸಿದ ಖಣದ ತುಂಡುಗಳ ಚೀಲ ತಂದು ನನ್ನ ಮುಂದೆ ಸುರಿದಳು. ಗುಳೇದಗುಡ್ಡದ ಕೆಂಪು ಖಣ. "ಎರಡೂ ಬಾಜೂ ಪಟ್ಟಿ ಕೂಡಸೂಣು. ಕರಿದಕ್ಕ ಕೆಂಪು ಒಪ್ಪತೈತಿ" ಎಂದಳು.

"ಗಂಡಸರ ಅಂಗಿಗೆ ಕುಪ್ಪಸದ ಖಣ?"

"ಹೊಟ್ಟಿ ಕಾಣೂದು ಚಂದೋ, ಖಣ ಕಾಣೂದು ಚಂದೋ? ನೀವ ಹೇಳ್ರಿ."

ಕತ್ತರಿ ಹಿಡಿದೆ. ಭುಜ ಮಧ್ಯಾಹ್ನಕ್ಕೇ ಹತ್ತಿ ಉರಿಯತೊಡಗಿತು. ಬಿಸಿನೀರಿನ ಶಾಖ ಕೊಟ್ಟುಕೊಂಡೆ, ಮತ್ತೆ ಕತ್ತರಿಸಿದೆ. ಬದಿ ಬಿಚ್ಚಿದೆ, ಪಟ್ಟಿ ಇಟ್ಟೆ, ಭುಜ ಕಿರಿದು ಮಾಡಿದೆ. ಆಕೆಯ ಮಷೀನು ರೊಟ್ಟಿ ತಿನ್ನಲೂ ನಿಲ್ಲಲಿಲ್ಲ. ಹೊತ್ತು ಮುಳುಗುವ ಮುಂಚೆ ಎಲ್ಲರೂ ಬಂದು ಹಾಕಿ ನೋಡಿದರು. ಹಾಕಿಕೊಂಡು, ಉಸಿರು ಬಿಟ್ಟು ನಿಂತರು. ಗುಂಡಿಗಳೆಲ್ಲ ಕೂತವು.

ಮರುದಿನ ಟೆಂಪೋದಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು ಹೊರಟೆವು. ಹುನಗುಂದ ದಾಟಿ ಅಮೀನಗಡದಲ್ಲಿ ನಿಲ್ಲಿಸಿ ಎಲ್ಲರೂ ಕರದಂಟು ತಿಂದರು. ಗ್ರಾನೈಟ್ ಅಂಗಡಿಯ ಹುಡುಗ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದ. ಬಾಗಲಕೋಟೆಯ ಸಭಾಂಗಣ ತುಂಬಿತ್ತು. ಬಾದಾಮಿ, ಜಮಖಂಡಿ, ಮುಧೋಳ, ಎಲ್ಲ ಊರುಗಳ ಜಿಮ್ಮಿನವರೂ ಬಂದಿದ್ದರು. ವೇದಿಕೆಯ ಮೇಲೆ ಎಣ್ಣೆ ಹಚ್ಚಿದ ಮೈಗಳು ಒಂದು ಸಾಲು, ಅಷ್ಟೆ. ಕೆಳಗೆ ಕುರ್ಚಿಗಳ ತುಂಬ ನಮ್ಮಂಥವರೇ. ಕೆಳಗಿನ ದೀಪ ಸಣ್ಣ ಮಾಡಿದ್ದರಿಂದ ಯಾರೂ ಉಸಿರು ಬಿಗಿ ಹಿಡಿದಿರಲಿಲ್ಲ, ಎಲ್ಲರ ಹೊಟ್ಟೆಗಳೂ ತೊಡೆಯ ಮೇಲೆ ಆರಾಮವಾಗಿ ಕೂತಿದ್ದವು. ಹಿಂದಿನ ಸಾಲಿನವನೊಬ್ಬ ನಮ್ಮ ಖಣದ ಪಟ್ಟಿ ಮುಟ್ಟಿ, "ಇದ್ಯಾವ ಫ್ಯಾಶನ್ರಿ?" ಎಂದು ಕೇಳಿದ. "ಇಳಕಲ್ ಫ್ಯಾಶನ್" ಎಂದು ಹೆಂಡತಿ ನನಗಿಂತ ಮೊದಲೇ ಉತ್ತರಿಸಿದಳು.

ನಮ್ಮ ಹುಡುಗನಿಗೆ ಮೂರನೆಯ ಸ್ಥಾನ ಬಂತು. ಅವನ ಹೆಸರು ಕೂಗಿದ್ದೇ ತಡ, ನಮ್ಮ ಸಾಲೆಲ್ಲ ಎದ್ದು ನಿಂತು ಹೋ ಎಂದು ಕೂಗಿತು. ನಾನೂ ಕೂಗಿದೆ. ಅಷ್ಟರಲ್ಲಿ ಚರ್ರೆಂದು ಬಟ್ಟೆ ಹರಿದ ಸದ್ದು. ಯಾರದಪ್ಪಾ, ಯಾವ ಪಟ್ಟಿ ಬಿಚ್ಚಿತು ಎಂದು ಗಾಬರಿಯಾಗಿ ಆಚೆ ಈಚೆ ನೋಡಿದೆ.

"ನಿಮ್ದರಿ" ಎಂದಳು ಹೆಂಡತಿ.

ನನ್ನ ಅಂಗಿಯ ಬಲ ಬಗಲು ಹೊಲಿಗೆಯುದ್ದಕ್ಕೂ ಬಿಚ್ಚಿಕೊಂಡಿತ್ತು. ನನ್ನ ಬಲಗೈ ನೆತ್ತಿಯ ಮೇಲಿತ್ತು. ನೋವು ಇತ್ತು, ಇಲ್ಲವೆಂದರೆ ಸುಳ್ಳಾದೀತು, ಆದರೂ ಕೈ ಅಲ್ಲಿತ್ತು. ಇಳಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯಕ್ಕೆ ಹಾಗೆಯೇ ಹಿಡಿದು ನಿಂತೆ. ಸುತ್ತಲಿನವರು ಕೂತರು, ಮುಂದಿನ ಹೆಸರು ಕೂಗಿದರು, ನಾನು ಮಾತ್ರ ಹರಿದ ಬಗಲು ತೋರಿಸುತ್ತ ನಿಂತೇ ಇದ್ದೆ. ಮಾಸ್ತರ ನೋಡಿ, "ಕಾಕಾ, ಇಳಸ್ರಿ ಸಾಕು" ಎಂದು ನಕ್ಕ. ಹೆಂಡತಿ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಸಡಿಲ ಕೊಡ್ರಿ ಅಂದ್ರ ಕೇಳಲಿಲ್ಲ ನೀವು" ಎಂದಳು.

ಮರುದಿನ ಅಂಗಡಿಯ ಬಾಗಿಲು ತೆಗೆದವನೇ ಮೊದಲು ಆ ಅಂಗಿಯ ಬಗಲಿಗೆ ಖಣದ ತುಂಡು ಇಟ್ಟು ಸಡಿಲ ಮಾಡಿ ಹೊಲಿದೆ. ಆಮೇಲೆ ಗಿರಾಕಿಯೊಬ್ಬರು ಬಂದು ಮೇಲಿನ ಹಲಗೆಯ ನೀಲಿ ಬಟ್ಟೆ ತೋರಿಸಿ ಎಂದರು. ಹೆಂಡತಿ ರೂಢಿಯಂತೆ ಮಷೀನು ನಿಲ್ಲಿಸಿ ಸ್ಟೂಲಿಗೆ ಕೈ ಹಾಕಿದಳು.

"ಕೂಡು ನೀ" ಎಂದೆ. ಬಲಗೈಯನ್ನು ಗೋಡೆಗೆ ಒತ್ತಿ ಬೆರಳು ನಡೆಸಿದೆ. ಒಂದೊಂದೇ ಬೆರಳು ಏರಿತು. ಗಿರಾಕಿ ಕಾಯ್ದರು, ಹೆಂಡತಿ ಕಾಯ್ದಳು. ನೀಲಿ ಬಟ್ಟೆಯನ್ನು ನಾನೇ ಇಳಿಸಿದೆ.