‘ಉಣುಗು’ ನಿರಾಸೆಯ ಆಲ್ಬಂ ಆಗಿರಲಿಲ್ಲ

ಪರಶುರಾಮನ ಆಲ್ಬಂ ಚೆನ್ನಾಗಿತ್ತು. ಅದನ್ನು ಆ ವರ್ಷದ ಅತಿ ದೊಡ್ಡ ನಿರಾಸೆ ಎಂದು ಎಲ್ಲರ ಮುಂದೆ ಹೇಳಿದವನು ನಾನು. ತಪ್ಪು ಇದ್ದದ್ದು ನನ್ನ ಸ್ಪೀಕರಿನ ವೈರಿನಲ್ಲಿ, ಆ ವೈರನ್ನು ಉಲ್ಟಾ ಜೋಡಿಸಿದ್ದೂ ನಾನೇ. ಅದು ಗೊತ್ತಾದ ಮೇಲೂ ನಾನು ಅವನಿಗೆ ಹೇಳಲಿಲ್ಲ — ಹೇಳುವುದಕ್ಕೆ ಬೇಕಾದಷ್ಟು ಸಮಯವಿತ್ತು, ಹೇಳಲಿಲ್ಲ. ಈಗ ಅವನೇ ಇಲ್ಲ.

ವರ್ಷದ ಕೊನೆಗೆ ಇಷ್ಟವಾದ ಆಲ್ಬಂ ಯಾವುದು, ನಿರಾಸೆ ಮಾಡಿದ್ದು ಯಾವುದು ಎಂದು ನಮ್ಮ ಮೆಟಲ್ ಸಂಗೀತ ಕೇಳುಗರ ಗುಂಪಿಗೆ ನಾನು ಹೇಳುತ್ತಾ ಬಂದಿದ್ದೇನೆ. ಈ ವರ್ಷದ್ದನ್ನೂ ಹೇಳಬೇಕು. ಆದರೆ ಇದನ್ನು ಮೊದಲು ಬರೆಯದೆ ಅದನ್ನು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಗುಂಪು ಈಗ ದೊಡ್ಡದಾಗಿದೆ. ಹಾವೇರಿ, ದಾವಣಗೆರೆ ಕಡೆಯವರೂ ಸೇರಿದ್ದೀರಿ, ಪರಶುರಾಮನನ್ನು ನೀವು ನೋಡಿಲ್ಲ. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ.

ಶಿಕಾರಿಪುರದಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಮದುವೆ, ಗೃಹಪ್ರವೇಶ, ಕಬಡ್ಡಿ ಪಂದ್ಯ — ಎಲ್ಲಿ ಕರೆದರೂ ಸ್ಪೀಕರ್ ಒಯ್ದು ಕಟ್ಟುವುದು ಕೆಲಸ. ಪಿಯುಸಿಗೆ ಓದು ನಿಲ್ಲಿಸಿದವನು, ಬರೆದು ರೂಢಿಯಿಲ್ಲ. ಮೆಟಲ್ ಸಂಗೀತಕ್ಕೆ ನಾನು ಬಂದದ್ದೂ ಸ್ಪೀಕರಿನ ದಾರಿಯಲ್ಲೇ. ಅಪ್ಪ ತೀರಿಕೊಂಡ ವರ್ಷ ಶಿವಮೊಗ್ಗಕ್ಕೆ ಹಳೆ ಸ್ಪೀಕರ್ ಕೊಳ್ಳಲು ಹೋಗಿದ್ದೆ. ಮಾರುವವನು ಅದರ ತಾಕತ್ತು ತೋರಿಸಲು ಒಂದು ಕ್ಯಾಸೆಟ್ ಹಾಕಿದ. ಗಿಟಾರ್ ಗರಗಸದ ಹಾಗೆ ಕೊಯ್ಯುತ್ತಿತ್ತು, ಹಾಡುವವನು ಹಾಡದೆ ಗಂಟಲಿನ ಆಳದಿಂದ ಗುಡುಗುತ್ತಿದ್ದ. ನಮ್ಮ ಮನೆಯಲ್ಲಿ ಆಗ ಯಾರೂ ಬಾಯಿಬಿಟ್ಟು ಅತ್ತಿರಲಿಲ್ಲ. ಇವನಾರೋ ನಮ್ಮ ಪರವಾಗಿ ಅಳುತ್ತಿದ್ದಾನೆ ಅನ್ನಿಸಿತು. ಸ್ಪೀಕರಿನ ಜೊತೆ ಆ ಕ್ಯಾಸೆಟ್ಟನ್ನೂ ಕೇಳಿ ತಂದೆ.

ಪರಶುರಾಮ ಹುಟ್ಟಿದ್ದು ಕ್ಯಾಸನೂರಿನ ಹತ್ತಿರದ ಹಳ್ಳಿಯಲ್ಲಿ. ಸೊರಬ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ, ಗಣಪತಿ ಹಬ್ಬ ಬಂದರೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಶಿರಾಳಕೊಪ್ಪದ ಒಂದು ಕಾರ್ಯಕ್ರಮದಲ್ಲಿ ನಾನು ಸ್ಪೀಕರ್ ಕಟ್ಟಿ, ಪರೀಕ್ಷೆ ಮಾಡಲು ಮೆಟಲ್ ಹಾಕಿದೆ. ವೇದಿಕೆಯ ಮೇಲೆ ತಂತಿ ಬಿಗಿಯುತ್ತಿದ್ದ ಒಬ್ಬ ತಲೆಯೆತ್ತಿ ನೋಡಿ, ಮುಂದಿನ ಸಾಲನ್ನು ತಾನೇ ನುಡಿಸಿಬಿಟ್ಟ. ಆಮೇಲೆ ಇಳಿದು ಬಂದು ಕೇಳಿದ, “ಅಣ್ಣಾ, ಈ ಹುಚ್ಚು ನಿಂಗೂ ಹಿಡಿದಿದ್ಯಾ?” ಆ ದಿನದಿಂದ ನಾನು ಅವನಿಗೆ ಹಾಲೇಶಣ್ಣ.

ಇನ್ನು ಮೂವರು ಸಿಕ್ಕಿದರು, ಐದು ಜನರಾದೆವು. ಬಳ್ಳಿಗಾವಿಯಲ್ಲಿ ನಮ್ಮ ಸೋದರಮಾವನ ಕಣವಿದೆ. ಒಕ್ಕಣೆ ಮುಗಿದು ಕಣ ಖಾಲಿಯಾದ ಮೇಲೆ ಒಂದು ಭಾನುವಾರ ಅಲ್ಲಿ ಸೇರುವುದು ಪದ್ಧತಿಯಾಯಿತು. ವರ್ಷವಿಡೀ ಬಂದ ಆಲ್ಬಂಗಳನ್ನು ಅವರವರು ಅವರವರ ಮನೆಯಲ್ಲಿ ಕೇಳಿರಬೇಕು. ಕಣದಲ್ಲಿ ಬರೀ ಮಾತು, ಜಗಳ, ಶೇಂಗಾ. ಕೊನೆಗೆ ತೀರ್ಮಾನ ನನ್ನದು — ಇಷ್ಟವಾದದ್ದು, ನಿರಾಸೆ ಮಾಡಿದ್ದು. ಇಷ್ಟವಾದ ಒಂದೇ ಒಂದನ್ನು ನನ್ನ ದೊಡ್ಡ ಸ್ಪೀಕರಿನಲ್ಲಿ ಹಾಕುತ್ತಿದ್ದೆವು. ಮಾವ ಪ್ರತಿ ಸಲ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, “ಏನಲೇ ಹಾಲೇಶ, ಈ ವರ್ಷ ಯಾರು ಸತ್ತಾರಂತೆ ಇದರಾಗೆ?” ಎಂದು ಕೇಳಿ ಹೋಗುತ್ತಿದ್ದರು. ತೀರ್ಮಾನ ನನಗೇ ಯಾಕೆ ಬಿಟ್ಟಿದ್ದರು ಅಂದರೆ, ನನ್ನ ಕಿವಿ ಚುರುಕು ಅಂತ ಒಂದು ಹೆಸರಿತ್ತು. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರಿಂದಲೇ ಆದದ್ದು.

ಒಂದು ವರ್ಷ ಪರಶುರಾಮ ತಾನೇ ಒಂದು ಆಲ್ಬಂ ಮಾಡಿದ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ಬಾಗಿಲು ಅರ್ಧ ಎಳೆದುಕೊಂಡು. ಹೆಸರು ‘ಉಣುಗು’. ಉಣುಗು ಅಂದರೆ ಕಾಡಿನಲ್ಲಿ ಮೈಗೆ ಹತ್ತುವ ಸಣ್ಣ ಹುಳ, ಅದರಿಂದಲೇ ಮಂಗನ ಕಾಯಿಲೆ ಬರುವುದು. ಅವನ ಅವ್ವ ದರಗು ತರಲು — ಕೊಟ್ಟಿಗೆಗೆ ಹಾಕುವ ಒಣಗಿದ ಎಲೆ ತರಲು — ಕಾಡಿಗೆ ಹೋಗಿ ಬಂದು, ಅದೇ ಜ್ವರದಲ್ಲಿ ತೀರಿಕೊಂಡಿದ್ದರು. ಅದರ ಬಗ್ಗೆ ಅವನು ಯಾವತ್ತೂ ಮಾತಾಡಿದವನಲ್ಲ. ಪೆನ್‌ಡ್ರೈವ್ ಕೈಗೆ ಕೊಟ್ಟು ಇಷ್ಟೇ ಹೇಳಿದ: “ನೀನೊಬ್ಬನೇ ಕೇಳು ಹಾಲೇಶಣ್ಣ. ನೀನು ಹೂಂ ಅಂದ್ರೆ ಹೊರಗೆ ಬಿಡ್ತೀನಿ.”

ಆ ವಾರ ಅಂಗಡಿಯಲ್ಲಿ ಇಲಿ ಸ್ಪೀಕರಿನ ವೈರು ಕಡಿದಿತ್ತು. ಹೊಸ ವೈರು ಹಾಕಿದೆ. ಎರಡೂ ಎಳೆ ಒಂದೇ ಬಣ್ಣ, ಗುರುತು ಮಾಡಿಕೊಳ್ಳಲಿಲ್ಲ — ಇಷ್ಟು ವರ್ಷ ಕೆಲಸ ಮಾಡಿದವನಿಗೆ ಗುರುತು ಯಾತಕ್ಕೆ ಎಂಬ ಸೊಕ್ಕು. ಒಂದು ಸ್ಪೀಕರಿಗೆ ಪ್ಲಸ್ ಇದ್ದಲ್ಲಿ ಮೈನಸ್ ಕೂತಿತು. ಹೀಗಾದರೆ ಸ್ಪೀಕರ್ ನಿಲ್ಲುವುದಿಲ್ಲ, ಸದ್ದು ಬರುತ್ತಲೇ ಇರುತ್ತದೆ. ಆದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಎರಡರ ನಡುವೆ ಕೂತವನಿಗೆ ನಡುವಿನದು ಕರಗಿಹೋಗುತ್ತದೆ. ಆಲ್ಬಂ ಮಾಡುವವರು ನಡುವೆ ಇಡುವುದು ಏನನ್ನು? ಹಾಡುವವನ ದನಿಯನ್ನು. ಅಂಚಿನ ಗಿಟಾರುಗಳೆಲ್ಲ ಉಳಿದು, ದನಿ ಪಕ್ಕದ ಮನೆಯಿಂದ ಬಂದ ಹಾಗೆ ಕೇಳುತ್ತದೆ. ನಾನೋ, ಸರಿಯಾಗಿ ಕೇಳಬೇಕು ಅಂತ ಎರಡು ಸ್ಪೀಕರಿನ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂರುವವನು.

ಆ ವಾರ ಕೇಳಿದ ಎಲ್ಲ ಆಲ್ಬಂಗಳೂ ಪೊಳ್ಳಾಗಿ ಕೇಳಿದವು. ನನ್ನ ಸ್ಪೀಕರಿನ ಮೇಲೆ ಅನುಮಾನ ಬರಲಿಲ್ಲ, ಜಗತ್ತಿನ ಮೇಲೆ ಬಂತು. ಕಣದಲ್ಲಿ ಭಾಷಣವನ್ನೇ ಮಾಡಿದೆ — ಈಗಿನ ತಂಡಗಳಿಗೆ ದನಿಯನ್ನು ಹೇಗೆ ಕೂರಿಸಬೇಕು ಎಂಬುದೇ ಮರೆತುಹೋಗಿದೆ, ಯುರೋಪಿನವರೂ ಹಾಳಾದರು, ಈ ಸಲ ಸ್ಪೀಕರಿಗೆ ಹಾಕುವಂಥದ್ದು ಒಂದೂ ಇಲ್ಲ, ಅಂತೆಲ್ಲ. ಉಳಿದವರು ತಲೆದೂಗಿದರು. ಆ ಉತ್ಸಾಹದಲ್ಲಿ ನಿರಾಸೆಯ ಆಲ್ಬಂ ಎಂದು ‘ಉಣುಗು’ ಹೆಸರು ಹೇಳಿದೆ. ನನಗೊಬ್ಬನಿಗೇ ಕೇಳಲು ಕೊಟ್ಟಿದ್ದನ್ನು ಎಲ್ಲರ ಮುಂದೆ ಬಿಚ್ಚಿದೆ.

“ಇದರಲ್ಲಿ ಎಲ್ಲಾ ಇದೆ ಮಾರಾಯ,” ಅಂದೆ. “ನೀನೇ ಇಲ್ಲ.”

ಪರಶುರಾಮ ಶೇಂಗಾ ಸುಲಿಯುತ್ತಿದ್ದ. ಸುಲಿದ ಕಾಳನ್ನು ಬಾಯಿಗೆ ಹಾಕಿಕೊಳ್ಳದೆ ಪಕ್ಕದವನ ಕೈಗೆ ಹಾಕಿ, “ಹೌದಾ. ಆಯ್ತು ಬಿಡು” ಅಂದ. ಅಷ್ಟೇ.

ವೈರಿನ ಮೇಲೆ ಎಲ್ಲವನ್ನೂ ಹೊರಿಸುವುದು ಸುಲಭ. ಆದರೆ ಆ ಮಾತು ಹೇಳುವಾಗ ನನ್ನೊಳಗೆ ಒಂದು ಸಣ್ಣ ಖುಷಿಯೂ ಇತ್ತು — ಇದನ್ನು ಯಾರಿಗೂ ಹೇಳಿಲ್ಲ. ಅಲ್ಲಿಯವರೆಗೆ ನಾವಿಬ್ಬರೂ ಕೇಳುವವರೇ ಆಗಿದ್ದೆವು, ಅವನು ಒಂದು ಹೆಜ್ಜೆ ದಾಟಿ ಮಾಡುವವನಾದ. ನಾನು ಕುರ್ಚಿಯಲ್ಲೇ ಉಳಿದೆ. ಆಲ್ಬಂ ಚೆನ್ನಾಗಿಲ್ಲ ಅನ್ನಿಸಿದಾಗ ನನಗೆ ಸಮಾಧಾನವಾಗಿತ್ತು.

ಕೆಲವು ದಿನಗಳ ಮೇಲೆ ಈಸೂರಿನಲ್ಲೊಂದು ಸಮಾರಂಭಕ್ಕೆ ಅದೇ ಸ್ಪೀಕರುಗಳನ್ನು ಕಟ್ಟಿದೆ. ಭಾಷಣ ಶುರುವಾದ ಮೇಲೆ ನಡುವಿನ ಸಾಲಿನಿಂದ ಒಬ್ಬ ಅಜ್ಜ ಎದ್ದು ಬಂದರು. “ಏ ಮೈಕ್‌ಸೆಟ್, ಅಂಚಿಗೆ ಕೂತೋರಿಗೆಲ್ಲ ಕೇಳ್ತೈತಿ. ನಡುವೆ ಕೂತೋರು ನಾವೇನ್ ಪಾಪ ಮಾಡೀವಿ?”

ಜನ ನಕ್ಕರು. ನನಗೆ ಆಗ ಹೊಳೆಯಿತು. ಸ್ಪೀಕರಿನ ಹಿಂದೆ ಹೋಗಿ ವೈರು ತಿರುಗಿಸಿ ಹಾಕಿದೆ. ಭಾಷಣ ಮಾಡುವವರ ದನಿ ಒಮ್ಮೆಲೇ ಸಭೆಯ ನಡುವೆ ಬಂದು ನಿಂತಿತು.

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ‘ಉಣುಗು’ ಹಾಕಿ ಕೂತೆ. ಯಾರು ಇಲ್ಲ ಅಂದಿದ್ದೆನೋ ಅವನು ನನ್ನ ಮುಖದ ಎದುರಿಗೇ ಇದ್ದ. ಗುಡುಗುತ್ತಿದ್ದ, ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಕೊನೆಯ ಹಾಡಿನಲ್ಲಿ ಗಿಟಾರುಗಳೆಲ್ಲ ನಿಂತು, ಅವನು ಮೆಲ್ಲಗೆ ಒಂದು ಮಾತಾಡುತ್ತಾನೆ. ನಾನು ಅದನ್ನು ಮೊದಲ ಸಲ ಗಾಳಿಯ ಸದ್ದು ಅಂದುಕೊಂಡಿದ್ದೆ. ಆ ಮಾತು ಕೇಳಿ ನಾನು ಸ್ಪೀಕರ್ ಆರಿಸಿದೆ.

ಆ ದಿನವೇ ಸೊರಬದ ಬಸ್ಸು ಹತ್ತಬೇಕಿತ್ತು. ಒಂದು ಫೋನಾದರೂ — ಮಾಡಲಿಲ್ಲ. ಮೈಕ್‌ಸೆಟ್ಟಿನವನು ವೈರು ಉಲ್ಟಾ ಹಾಕಿ, ಅದೇ ಸ್ಪೀಕರಿನಲ್ಲಿ ಜಗತ್ತಿಗೆ ತೀರ್ಪು ಕೊಟ್ಟ ಅಂದರೆ ಕಣದಲ್ಲಿ ನಗೆಯಲ್ಲವೇ? ಮುಂದಿನ ವರ್ಷ ಹೇಳೋಣ, ಅದನ್ನೇ ಇಷ್ಟದ ಆಲ್ಬಂ ಅಂತ ಹಾಕಿ ಅವನನ್ನು ಬೆರಗುಗೊಳಿಸೋಣ ಎಂದುಕೊಂಡೆ. ಹೇಡಿತನಕ್ಕೆ ಹಬ್ಬದ ಬಟ್ಟೆ ತೊಡಿಸಿದೆ.

ಮುಂದಿನ ವರ್ಷ ಕಣಕ್ಕೆ ಹೋಗುವ ಮೊದಲು ಅವನ ಅಂಗಡಿಗೆ ಹೋದೆ, ಮಾತು ತೆಗೆಯಲೆಂದೇ. ಹೊಸದೇನಾದರೂ ಮಾಡುತ್ತಿದ್ದೀಯಾ ಎಂದು ಕೇಳಿದೆ. ಇಲ್ಲ, ಹಳೆಯದನ್ನೂ ಅಳಿಸಿದೆ ಅಂದ. ಅರ್ಜಿ ಹಾಕಲು ಬರುವವರ ಕಾಗದಪತ್ರ ಇಡಲು ಕಂಪ್ಯೂಟರಿನಲ್ಲಿ ಜಾಗ ಬೇಕಿತ್ತಂತೆ. ಮಾತು ಬಾಯಿಗೆ ಬಂದಿತ್ತು — ಅಷ್ಟರಲ್ಲಿ ಅವನೇ ಹೇಳಿದ:

“ಬೇಜಾರಿಲ್ಲ ಹಾಲೇಶಣ್ಣ. ನಿನ್ನ ಕಿವಿ ಸುಳ್ಳು ಹೇಳಲ್ಲ. ನೀನು ಹೇಳಿದ್ಮೇಲೆ ನಂಗೂ ಹಂಗೇ ಕೇಳೋಕೆ ಶುರುವಾಯ್ತು.”

ಇದಕ್ಕಿಂತ ದೊಡ್ಡ ಅವಕಾಶ ಯಾರಿಗೆ ಸಿಗುತ್ತದೆ? ನಾನು ಟೀ ಕುಡಿದು ಬಂದೆ. ಅದಾದ ಮೇಲೂ ಅವನು ಪ್ರತಿ ವರ್ಷ ಕಣಕ್ಕೆ ಬಂದ, ನನ್ನ ತೀರ್ಮಾನಗಳಿಗೆ ಹೂಂ ಅಂದ. ತನ್ನದೊಂದು ಹಾಡನ್ನು ಮಾತ್ರ ಮತ್ತೆ ಮಾಡಲಿಲ್ಲ.

ಈ ಮಳೆಗಾಲದ ಶುರುವಿನಲ್ಲಿ ಅಂಗಡಿಯಲ್ಲಿ ಎದೆನೋವು ಎಂದು ಕೂತವನು ಏಳಲಿಲ್ಲ. ಅವನ ಹೆಂಡತಿ ಸವಿತಾ ಈಗ ಅಂಗಡಿ ನೋಡಿಕೊಳ್ಳುತ್ತಾಳೆ. ಹದಿಮೂರನೆಯ ದಿನದ ಕಾರ್ಯಕ್ಕೆ ಹೋದಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. ಆರ್ಕೆಸ್ಟ್ರಾದ ವಿಡಿಯೋ ಬೇಕಾದಷ್ಟಿವೆ, ಎಲ್ಲದರಲ್ಲೂ ಬೇರೆಯವರು ಹಾಡುತ್ತಾರೆ, ಇವರು ತಲೆಬಗ್ಗಿಸಿ ಗಿಟಾರ್ ನುಡಿಸುತ್ತಾರೆ ಎಂದಳು. ಫೋನಿನಲ್ಲಿ ಅವನು ಕಳಿಸಿದ ಮೆಸೇಜುಗಳಲ್ಲೂ ಬರೀ ಅಕ್ಷರ, ದನಿಯಿಲ್ಲ. “ಅವರ ದನಿ ಎಲ್ಲಾದ್ರೂ ಇದ್ಯಾ ಹಾಲೇಶಣ್ಣ, ನಿಮ್ಮ ಹತ್ರ?”

ನೋಡ್ತೀನಿ ಅಂದೆ. ಅವಳಿಗೂ ಸುಳ್ಳು. ಪೆನ್‌ಡ್ರೈವ್ ನನ್ನ ಅಂಗಡಿಯ ಡ್ರಾಯರಿನಲ್ಲಿತ್ತು, ಜಗತ್ತಿನಲ್ಲಿ ಉಳಿದ ಒಂದೇ ಪ್ರತಿ. ಅದನ್ನು ಕೊಟ್ಟರೆ, ಇಷ್ಟು ಚೆನ್ನಾಗಿರುವುದನ್ನು ಅವರು ಯಾಕೆ ಅಳಿಸಿದರು ಎಂದು ಕೇಳುತ್ತಾಳೆ. ಕೇಳದೆ ಇರುವುದಿಲ್ಲ. ಮಳೆಗಾಲ ಮುಗಿದ ಮೇಲೂ ನಾನು ಸೊರಬದ ಕಡೆ ಹೋಗುವುದನ್ನೇ ತಪ್ಪಿಸಿದೆ.

ಹೋದ ವಾರ ಹೋದೆ. ಎರಡು ಸಣ್ಣ ಸ್ಪೀಕರ್ ಜೊತೆಗೆ ಒಯ್ದಿದ್ದೆ. ಮಧ್ಯಾಹ್ನ, ಗಿರಾಕಿ ಇರಲಿಲ್ಲ. ಮೊದಲು ಎಲ್ಲವನ್ನೂ ಹೇಳಿದೆ — ವೈರು, ಕಣ, ನನ್ನ ಸಣ್ಣ ಖುಷಿ, ಟೀ ಕುಡಿದು ಬಂದದ್ದು. ಸವಿತಾ ಝೆರಾಕ್ಸ್ ಮೆಶಿನ್ನಿನ ಮೇಲೆ ಕೈಯಿಟ್ಟು ನಿಂತೇ ಕೇಳಿದಳು. 

“ಅವತ್ತೇ ಹೇಳಿದ್ರೆ,” ಅಂದಳು, “ಇನ್ನೊಂದು ಮಾಡ್ತಿದ್ರು.”

ನಾನು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟೆ. 

“ಹಾಕಿ, ಕೇಳ್ತೀನಿ.”

ಅವಳ ಕುರ್ಚಿ ಗೋಡೆಯ ಪಕ್ಕದಲ್ಲಿತ್ತು, ಅದನ್ನು ಎರಡು ಸ್ಪೀಕರಿನ ನಡುವೆ ತಂದಿಟ್ಟೆ. ಮೊದಲ ಹಾಡಿನ ಗುಡುಗಿಗೆ ಬೆಚ್ಚಿ ಹಿಂದೆ ಸರಿದಳು. ಸ್ವಲ್ಪ ಹೊತ್ತಿಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು. “ಮೀನಿನವನು ಬಂದಾಗ ನಮ್ಮ ಕೇರಿ ನಾಯಿ ಹಿಂಗೇ ಮಾಡೋದು. ಇದಕ್ಕಾ ಬಾಗಿಲು ಎಳ್ಕೊಂಡು ಕೂರ್ತಿದ್ದಿದ್ದು?” ನಾನೂ ನಕ್ಕೆ. ಅವನು ಹೋದ ಮೇಲೆ ಅದೇ ಮೊದಲು.

ಕೊನೆಯ ಹಾಡು ಬಂತು. ಗಿಟಾರುಗಳು ಒಂದೊಂದೇ ನಿಂತವು. ಆ ಮೌನದಲ್ಲಿ ಪರಶುರಾಮ, ಹಿತ್ತಲ ಬಾಗಿಲಲ್ಲಿ ನಿಂತು ಮಾತಾಡುವವನ ಹಾಗೆ, ಕೇಳಿದ:

“ಅವ್ವ, ಕೈಕಾಲಿಗೆ ಎಣ್ಣೆ ಹಚ್ಕೊಂಡ್ಯಾ?”

ಉಣುಗು ಹತ್ತದಿರಲೆಂದು ಕಾಡಿಗೆ ಹೋಗುವವರು ಹಚ್ಚಿಕೊಳ್ಳುವ ಎಣ್ಣೆ. ಅಷ್ಟೇ ಮಾತು. ಆಮೇಲೆ ಹಾಡು ಮುಗಿಯುತ್ತದೆ.

 “ನನ್ನೂ ಹಿಂಗೇ ಕೇಳ್ತಿದ್ರು,” ಅಂದಳು ಸವಿತಾ. “ದಿನಾ. ಸೌದೆ ತರೋಕೆ ಹೊರಟ್ರೂ, ಹಿತ್ತಲಿಗೆ ಹೊರಟ್ರೂ. ನಾ ಬೈತಿದ್ದೆ.” ಕಣ್ಣು ಒರೆಸಿಕೊಂಡು, ಮತ್ತೆ ಹಾಕಿ ಅಂದಳು. ಆ ಮಾತಿನಿಂದ ಹಾಕಲು ಹೋದೆ. “ಅಲ್ಲಿಂದ ಬೇಡ. ನಾಯಿಯಿಂದಾನೇ ಹಾಕಿ.”

ನನ್ನನ್ನು ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೊರಡುವಾಗ ‘ಉಣುಗು’ ಆಲ್ಬಮನ್ನು ಅಂಗಡಿಯ ಕಂಪ್ಯೂಟರಿಗೆ, ಅದು ಹುಟ್ಟಿದ ಜಾಗಕ್ಕೇ, ಮತ್ತೆ ಹಾಕಿಕೊಟ್ಟೆ. ಹೊರಗೆ ಬಿಡಬೇಕೋ ಬೇಡವೋ ಎಂಬುದು ಇನ್ನು ಅವಳ ಮಾತು. ಬಿಡೋಣ ಅಂದಿದ್ದಾಳೆ. ಆದರೆ ಮೊದಲು ಕಣದಲ್ಲಿ ಕೇಳಬೇಕಂತೆ, ಎಲ್ಲರ ಮುಂದೆ, ಎಲ್ಲಿ ಅದಕ್ಕೆ ನಿರಾಸೆಯ ಹೆಸರು ಬಂತೋ ಅಲ್ಲಿಯೇ.

ಈಗ ಈ ವರ್ಷದ್ದು. ಫಿನ್ಲೆಂಡಿನ ಹಳೆಯ ತಂಡದ ಹೊಸ ಆಲ್ಬಂ ನನಗೆ ರುಚಿಸಲಿಲ್ಲ, ಡ್ರಮ್ಮು ಯಂತ್ರದ ಹಾಗಿದೆ. ಶಿಲ್ಲಾಂಗ್ ಕಡೆಯ ಹುಡುಗರದ್ದು ಚೆನ್ನಾಗಿದೆ, ಕೇಳಿ. ಇವೆಲ್ಲ ನನ್ನ ಕಿವಿಗೆ ಅನ್ನಿಸಿದ್ದು ಅಷ್ಟೇ. ನಿಮಗೆ ಬೇರೆ ಕೇಳಿದರೆ ನಿಮ್ಮದನ್ನೇ ನಂಬಿ, ನನಗೂ ಹೇಳಿ. ಇನ್ನು ಮೇಲೆ ತೀರ್ಮಾನ ಒಬ್ಬನದಲ್ಲ.

ಇಷ್ಟದ ಆಲ್ಬಂ ‘ಉಣುಗು’. ಬಹಳ ತಡವಾಗಿ.

ಬರುವ ಭಾನುವಾರ ಬಳ್ಳಿಗಾವಿಗೆ ಬನ್ನಿ. ಇಲ್ಲಿ ಬರೆದದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಿದ ಮೇಲೆ ಆಲ್ಬಂ ಹಾಕುತ್ತೇನೆ. ವೈರಿನ ತುದಿಗೆ ಕೆಂಪು ಟೇಪು ಸುತ್ತಿದ್ದೇನೆ. ಮಾವ ಬಂದು ಈ ವರ್ಷ ಯಾರು ಸತ್ತಾರೆ ಎಂದು ಕೇಳಿದರೆ, ಈ ಸಲ ಹೆಸರು ಹೇಳುತ್ತೇನೆ. ಎಲ್ಲಿ ಬೇಕಾದರೂ ಕೂತುಕೊಳ್ಳಿ, ನಡುವಿನ ಕುರ್ಚಿಯೊಂದನ್ನು ಬಿಟ್ಟು. ಅದು ಸವಿತಾಳದ್ದು.