ಪಂಚೆಯ ಕಾಗದಕ್ಕೆ ಗಂಜಿ

ಲಗ್ನಪತ್ರಿಕೆಯ ತಲೆಯ ಮೇಲೆ ‘ಶ್ರೀ’ ಬರೆದೆ. ನೋಡನೋಡುತ್ತಿದ್ದಂತೆ ಅದು ಜೇಡದ ಹಾಗೆ ಕಾಲು ಚಾಚಿ ಹರಡಿಕೊಂಡಿತು. (ಇಂಕ್ ಪೆನ್ ಇಟ್ಟುಕೊಂಡವನ ಜಂಭ ಇಳಿಯಲು ಇಷ್ಟು ಸಾಕು.)

ಆದದ್ದಿಷ್ಟು. ಆನವಟ್ಟಿಯಲ್ಲಿ ನನ್ನ ಅಕ್ಕನ ಮಗಳು ಕಾವ್ಯಳ ಮದುವೆ. ತೀರಿಕೊಂಡ ಅಜ್ಜನ ಪಂಚೆಯಿಂದಲೇ ಕಾಗದ ಮಾಡಿ, ಮೊದಲ ಪತ್ರಿಕೆಗಳನ್ನು ಅದರಲ್ಲಿ ನನ್ನ ಕೈಯಿಂದ ಬರೆಸಬೇಕೆಂದು ಅವಳ ಆಸೆ. ಅಜ್ಜಿ ಗೌರಮ್ಮ, ಅಂದರೆ ಅಕ್ಕನ ಅತ್ತೆ, ಟ್ರಂಕಿನಲ್ಲಿ ಉಳಿದಿದ್ದ ಒಂದೇ ಒಂದು ಹತ್ತಿ ಪಂಚೆಯನ್ನು ತೆಗೆದುಕೊಟ್ಟರು. ಕಾವ್ಯ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಅದನ್ನು ಚೂರು ಮಾಡಿ, ನೆನೆಸಿ, ಮಿಕ್ಸಿಗೆ ಹಾಕಿ, ಜರಡಿಯ ಮೇಲೆ ಹರಡಿ ಒಣಗಿಸಿದಳು. ಸಿಕ್ಕಿದ್ದು ನಾಲ್ಕೇ ಹಾಳೆ. ಒಂದನ್ನು ನಾನು ಹಾಳು ಮಾಡಿದ್ದೆ. ಅವಳ ಕಣ್ಣು ತುಂಬಿತು. ಇನ್ನೊಂದು ಪಂಚೆ ಎಲ್ಲಿಂದ ತರುವುದು?

ಅಜ್ಜಿ ಹಾಳೆಯನ್ನು ಮುಟ್ಟಿ ನೋಡಿದರು.

“ಅವ್ರ ಪಂಚೆನ ಗಂಜಿ ಹಾಕ್ದೇ ನಾನು ಯಾವತ್ತೂ ಹೊರಗೆ ಕಳ್ಸಿಲ್ಲ. ಈಗ ಹಂಗೇ ಕಳಿಸ್ತೀರಾ?”

ಸರಿ, ಗಂಜಿ ಎಲ್ಲಿದೆ? ಕುಕ್ಕರ್ ಬಂದ ಮೇಲೆ ಅನ್ನ ಬಸಿಯುವವರು ಯಾರು? ಅಟ್ಟದಿಂದ ಹಳೇ ಪಾತ್ರೆ ಇಳಿಯಿತು. ಅಕ್ಕ ಅಭ್ಯಾಸಬಲದಿಂದ ಉಪ್ಪು ಹಾಕಲು ಹೋಗಿ ಬೈಸಿಕೊಂಡಳು. ತಿಳಿಗಂಜಿಯಲ್ಲಿ ಬಟ್ಟೆ ಅದ್ದಿ ಅಜ್ಜಿಯೇ ಮೂರೂ ಹಾಳೆಗಳಿಗೆ ಸವರಿದರು. ಒಣಗಿದ ಮೇಲೆ ಇಸ್ತ್ರಿಯೂ ಆಯಿತು. ಹೆದರುತ್ತಲೇ ಬರೆದೆ. ಅಕ್ಷರ ಇಟ್ಟಲ್ಲೇ ನಿಂತಿತು.

ನಮ್ಮ ಶಿಕಾರಿಪುರದಲ್ಲಿ ಮೆಕ್ಕೆಜೋಳದ ಲಾರಿಗಳನ್ನು ಎಷ್ಟು ನೋಡಿಲ್ಲ! ಎಲ್ಲ ಕೋಳಿ ಆಹಾರಕ್ಕೆ ಎಂದುಕೊಂಡಿದ್ದೆ. ಒಂದಷ್ಟು ಸ್ಟಾರ್ಚ್, ಅಂದರೆ ಗಂಜಿಪುಡಿ, ಆಗಿ ಪೇಪರ್ ಮಿಲ್ಲಿಗೂ ಹೋಗುತ್ತದಂತೆ, ಹಾಳೆ ಗಟ್ಟಿಯಾಗಲಿ, ಇಂಕು ಹರಡದಿರಲಿ ಅಂತ. ಅಂದರೆ ಇಷ್ಟು ವರ್ಷ ಜನ ನನ್ನ ಕೈಬರಹವನ್ನು ಹೊಗಳಿದ್ದರಲ್ಲಿ ಅರ್ಧ ಪಾಲು ಜೋಳದ್ದು. ಬೇಜಾರೇನಿಲ್ಲ, ನಗು ಬಂತು.

ಒಂದು ಪತ್ರಿಕೆ ದೇವರ ಮುಂದೆ, ಇನ್ನೊಂದು ಬೀಗರಿಗೆ. ಮೂರನೆಯದು ಯಾರಿಗೆ ಎಂದು ಕೇಳಿದೆ.

“ಅಜ್ಜಿ ಹೆಸರಿಗೆ ಬರಿ ಮಾವ” ಎಂದಳು ಕಾವ್ಯ.

ಮನೆಯಲ್ಲೇ ಇರುವವರಿಗೆ ಯಾರಾದರೂ ಪತ್ರಿಕೆ ಕೊಡುತ್ತಾರೆಯೇ ಎಂದು ಅಜ್ಜಿ ನಕ್ಕರು. ಆದರೂ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರ ಹೆಸರಿಗೇ ಬಂದ ಮೊದಲ ಪತ್ರಿಕೆಯಂತೆ ಅದು. ಈವರೆಗೆ ಬಂದವೆಲ್ಲ ಗಂಡನ ಹೆಸರಿಗೆ, ಅವರು ಹೋದ ಮೇಲೆ ಮಗನ ಹೆಸರಿಗೆ.

ನಿಮ್ಮ ಮನೆಗೆ ಈ ಸಲ ಬಂದ ಲಗ್ನಪತ್ರಿಕೆಗಳನ್ನು ಒಮ್ಮೆ ತೆಗೆದು ನೋಡಿ, ಅಜ್ಜಿಯ ಹೆಸರಿಗೆ ಎಷ್ಟಿವೆ?