ಮೂರನೆಯ ಮಿಕ್ಸ್

ಸೊಳ್ಳೆ ಹತ್ತಿರ ಬರುವ ಸದ್ದು ನನಗೆ ಕೇಳಿಸದಂತಾಗಿ ಬಹಳ ಕಾಲವಾಗಿತ್ತು. ಕಚ್ಚಿದ ಮೇಲೆಯೇ ತಿಳಿಯುತ್ತಿತ್ತು. ಜಕ್ಕೂರು ಕೆರೆಯ ಹಿಂಬದಿಯಲ್ಲಿ ಮನೆ ಇರುವವನು ಇದನ್ನು ಗಮನಿಸದೆ ಇರಲು ಆಗುವುದಿಲ್ಲ. ಕುಕ್ಕರ್ ಕೂಗುವ ಮುಂಚಿನ ಸುಸ್ಸೆನ್ನುವ ಸದ್ದು, ಬೆಳಿಗ್ಗೆ ತಂತಿಯ ಮೇಲೆ ಕೂರುವ ಸಣ್ಣ ಹಕ್ಕಿಗಳ ದನಿ, ಹೀಗೆ ಒಂದೊಂದೇ ನಿಂತುಹೋದವು. ಹಕ್ಕಿ ಕೊಕ್ಕು ತೆರೆಯುವುದು ಕಾಣುತ್ತಿತ್ತು, ಅಷ್ಟೆ. ಎದುರಿಗೆ ಕೂತವರ ಮಾತು ಕೇಳುತ್ತಿತ್ತು, ಡ್ರಮ್ಮಿನ ಪೆಟ್ಟು ಕೇಳುತ್ತಿತ್ತು. ಮೇಲಿನ ಸ್ವರದ, ಕೀಚಲು ಸಣ್ಣ ಸದ್ದುಗಳು ಮಾತ್ರ ಹೋಗಿದ್ದವು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಲೇಬೇಕಾಗಿದ್ದ ಮಗಳಿಗೂ ಹೇಳಲಿಲ್ಲ. ಅದರಿಂದ ಅವಳಿಗೆ ಏನಾಯಿತು ಎಂಬುದನ್ನು ಬರೆಯದೆ ಈಗ ನನಗೆ ಬೇರೆ ದಾರಿಯಿಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ ತನಕ, ಬರೆದು ಅಭ್ಯಾಸವಿಲ್ಲ. ತಿಳಿದಂತೆ ಬರೆಯುತ್ತೇನೆ.

ನಮ್ಮದು ಹಳೇ ಊರಿನ ಒಕ್ಕಲು ಮನೆ. ನನ್ನ ಓರಗೆಯವರು ಹೊಲದ ಮೇಲೆ ಕಟ್ಟಡ ಎಬ್ಬಿಸಿ ಬಾಡಿಗೆ ತಿನ್ನುತ್ತಿದ್ದಾರೆ. ನಾನು ಮೀಸೆ ಬಂದ ಹೊಸದರಲ್ಲೇ ಪೇಟೆಯ ಒಂದು ಹೋಟೆಲಿನ ಡ್ಯಾನ್ಸ್ ಫ್ಲೋರಿನಲ್ಲಿ ರೆಕಾರ್ಡ್ ಹಾಕುವ ಕೆಲಸಕ್ಕೆ ಸೇರಿದವನು. ಊರಿನಲ್ಲಿ ನನ್ನನ್ನು ‘ತಟ್ಟೆ ತಿರುಗ್ಸೋನು’ ಅನ್ನುತ್ತಿದ್ದರು. ಹೋಟೆಲಿನವರು ಆ ಫ್ಲೋರ್ ಮುಚ್ಚಿದ ಮೇಲೆ ಯಶವಂತಪುರದ ಎಲೆಕ್ಟ್ರಿಕ್ ಅಂಗಡಿಯೊಂದರಲ್ಲಿ ಬಲ್ಬು, ವೈರು ಮಾರಿಕೊಂಡು ಬದುಕಿದೆ. ರೆಕಾರ್ಡುಗಳು ಟ್ರಂಕಿನಲ್ಲಿ ಮಂಚದ ಕೆಳಗಿದ್ದವು.

ಅವುಗಳನ್ನು ಹೊರಗೆ ತೆಗೆಸಿದವಳು ಮಗಳು. ಅವಳು ಡ್ಯಾನ್ಸ್ ಕಲಿಸುತ್ತಾಳೆ. ನಮ್ಮೂರಿನವನೇ ಒಬ್ಬ ಕಟ್ಟಿಸಿದ ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ ಒಂದು ಹಾಲ್ ಹಿಡಿದಿದ್ದಳು. ವಾರವೆಲ್ಲ ಅಲ್ಲಿ ಕ್ಲಾಸು. ಭಾನುವಾರ ಮಧ್ಯಾಹ್ನ ಯಾರು ಬೇಕಾದರೂ ಬಂದು ಕುಣಿಯಬಹುದು. ಭಾನುವಾರ ಕುಣಿಯಲು ಬಂದವರೇ ಆಮೇಲೆ ಕ್ಲಾಸಿಗೆ ಸೇರುತ್ತಿದ್ದರು. ಆ ಹಾಲ್ ಬಿಟ್ಟರೆ ಅವಳ ಬದುಕಿಗೆ ಬೇರೆ ಆಧಾರವಿರಲಿಲ್ಲ. ಅವಳ ಜೊತೆಗಿದ್ದವಳು ಸಂಜಯನಗರದ ಅವಳ ಗೆಳತಿ. ಸ್ಪೀಕರ್, ವೈರು, ಗೋಡೆಗೆ ಒತ್ತಿದ ಫೋಮು, ಸದ್ದು ಹೊರಗೆ ಹೋಗದಂತೆ ಕಿಟಕಿಗೆ ಕಟ್ಟಿದ ದಪ್ಪ ರಜಾಯಿ ಎಲ್ಲ ಆ ಗೆಳತಿಯದೇ ಕೆಲಸ.

ಹಾಲಿನ ನಡುವೆ ಮಡಚುವ ಬಾಗಿಲಿತ್ತು. ಅದನ್ನು ಎಳೆದರೆ ಎರಡು ಕೋಣೆ. ಸಣ್ಣದರಲ್ಲಿ ಸೋಲ್ ಎಂಬ ಬಗೆಯ ಸಂಗೀತ. ಅಂದರೆ ಹಾಡುವವರು ಎದೆ ಬಿಚ್ಚಿ ಹಾಡಿರುವ ಹಾಡುಗಳು. ಅಲ್ಲಿಗೆ ಬರುವವರಿಗೆ ದನಿ ಬೇಕು, ಕಣ್ಣು ಮುಚ್ಚಿ ಜೊತೆಗೆ ಹಾಡುತ್ತಾರೆ. ದೊಡ್ಡದರಲ್ಲಿ ಹೌಸ್ ಎಂಬ ಕುಣಿತದ ಸಂಗೀತ. ಅಲ್ಲಿ ತಾಳ ನಿಲ್ಲಬಾರದು. ಒಂದು ರೆಕಾರ್ಡಿನ ಬಾಲಕ್ಕೆ ಇನ್ನೊಂದರ ತಲೆಯನ್ನು ಕೂಡಿಸಿ ಒಂದೇ ಸಮನೆ ನಡೆಸಬೇಕು. ಮುಗಿಸುವಾಗ ನಡುವಿನ ಬಾಗಿಲು ಮಡಚಿ ಎರಡೂ ಕಡೆಯವರಿಗೆ ಒಂದೇ ಕೊನೆಯ ಹಾಡು ಹಾಕುವುದು ನಮ್ಮ ಪದ್ಧತಿಯಾಗಿತ್ತು. ಅದನ್ನು ಆರಿಸುವುದು ನನ್ನ ಕೆಲಸ. ಕುಣಿಯಲು ಬರುವ ಹುಡುಗರು ನನ್ನನ್ನು “ಗುರು, ಇವತ್ತು ಕೊನೇದು ಯಾವ್ದು?” ಎಂದು ಕೇಳುತ್ತಿದ್ದರು. ಊರೆಲ್ಲ ಹಂಗಿಸಿದ ಕೆಲಸಕ್ಕೆ ಈ ವಯಸ್ಸಿನಲ್ಲಿ ಗುರು ಅನ್ನಿಸಿಕೊಂಡೆ. ಕಿವಿ ಹೋಗಿದೆ ಎಂದು ನನ್ನ ಬಾಯಿಂದ ಬರದೆ ಹೋಗಿದ್ದು ಆ ಒಂದು ಮಾತಿನ ಆಸೆಗೆ.

ಬೇಸಿಗೆಯಲ್ಲಿ ಹಾಲಿನ ಯಜಮಾನ ಮಹಡಿ ಹತ್ತಿ ಬಂದ. ನನಗಿಂತ ಚಿಕ್ಕವನು, ಚಿಕ್ಕಂದಿನಲ್ಲಿ ನನ್ನ ಹಿಂದೆ ಕೆರೆಗೆ ಬರುತ್ತಿದ್ದವನು.

“ಅಣ್ಣ, ಪಕ್ಕದ ಅಪಾರ್ಟ್‌ಮೆಂಟ್‌ನೋರು ನನ್ ತಲೆ ತಿಂತಾವ್ರೆ. ಜಿಮ್ಮಿನೋರು ಬೇರೆ ಹಾಲ್ ಕೊಡಿ ಅಂತ ಬೆನ್ನು ಬಿದ್ದವ್ರೆ. ಇಂಗೇ ಆದ್ರೆ ನಾನೇನ್ ಮಾಡ್ಲಿ ಏಳು?”

ಮಗಳು ಕೈಮುಗಿಯುವುದೊಂದು ಬಾಕಿ. “ಚಿಕ್ಕಪ್ಪ, ಒಂದ್ ಸಲ ಬಂದು ಕೂತು ನೋಡಿ. ಆಮೇಲೆ ನೀವು ಹೇಳಿದ್ ಹಾಗೆ.”

“ಬತ್ತೀನಿ. ಈ ಭಾನ್ವಾರ ಮನೆಯೋಳ್ನೂ ಕರ್ಕಂಡ್ ಬತ್ತೀನಿ. ಕಿವಿಗೆ ಇಂಪಾಗಿದ್ರೆ ನಿಂದೇ ಹಾಲು. ಇಲ್ದಿದ್ರೆ ಬೇಜಾರ್ ಮಾಡ್ಕೋಬೇಡಮ್ಮ.”

ಆ ವಾರ ಮಗಳು ಸರಿಯಾಗಿ ಊಟ ಮಾಡಲಿಲ್ಲ. ಕೊನೆಯ ಹಾಡು ಯಾವುದೆಂದು ಅವಳೇ ಹೇಳಿದಳು. ಹೋಟೆಲಿನ ಕಾಲದಿಂದ ನನ್ನ ಹತ್ತಿರವಿದ್ದ, ಒಬ್ಬ ಹೆಂಗಸು ಹಾಡಿದ್ದ ದೊಡ್ಡ ರೆಕಾರ್ಡ್. ಅದರಲ್ಲಿ ಆ ಒಂದೇ ಹಾಡು ಮೂರು ಮಿಕ್ಸಿನಲ್ಲಿದೆ, ಅಂದರೆ ದನಿ, ತಾಳಗಳನ್ನು ಮೂರು ಬಗೆಯಲ್ಲಿ ಬೆರೆಸಿದ್ದಾರೆ. ಮುಂಬದಿಯ ಮೊದಲನೆಯದು ದನಿಯನ್ನೇ ಮುಂದಿಟ್ಟದ್ದು, ಸೋಲ್ ಕೋಣೆಯವರಿಗೆ. ಅದೇ ಬದಿಯ ಎರಡನೆಯದರಲ್ಲಿ ತಾಳ ಉದ್ದವಾಗಿ ಬಂದು, ದನಿ ಮೆಲ್ಲಗೆ ಒಳಗೆ ಸೇರುತ್ತದೆ. ಎರಡೂ ಕಡೆಯವರಿಗೆ ಒಪ್ಪುವಂಥದು. ಹಿಂಬದಿಯ ಮೂರನೆಯದರಲ್ಲಿ ಮೇಲಿನ ಸಣ್ಣ ಸದ್ದುಗಳನ್ನು ಏರಿಸಿ, ದನಿ, ತಾಳ ಎರಡನ್ನೂ ತಿಕ್ಕಿ ತಿಕ್ಕಿ ಹೊಳೆಯಿಸಿದ್ದಾರೆ. ಪ್ರಾಯದಲ್ಲಿ ನಾನು ಆ ಮೂರನೆಯದನ್ನು ಒಮ್ಮೆ ಕೂಡ ಹಾಕಿದವನಲ್ಲ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸಿಡಿಯುತ್ತದೆ ಎಂದು ಜೊತೆಯವರಿಗೆಲ್ಲ ಹೇಳುತ್ತಿದ್ದೆ.

ಶನಿವಾರ ಹಗಲು ಮನೆಯಲ್ಲಿ ಮೂರನ್ನೂ ಹಾಕಿ ನೋಡಿದೆವು. ಮೊದಲನೆಯದು ನನಗೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳಿತು. ಎರಡನೆಯದರಲ್ಲಿ ಬರೀ ಡ್ರಮ್ಮು ದುಬುದುಬು ಅನ್ನುತ್ತಿತ್ತು. ಮೂರನೆಯದಕ್ಕೆ ಸೂಜಿ ಇಳಿಸಿದಾಗ ಆ ಹೆಂಗಸಿನ ದನಿ, ಅವಳು ಉಸಿರು ಎಳೆದುಕೊಳ್ಳುವುದು, ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಯ ಚೂಪು ಸದ್ದು, ಎಷ್ಟೋ ವರ್ಷದಿಂದ ಕೇಳದೆ ಇದ್ದದ್ದು ಕೇಳಿತು. ನನ್ನ ಕಣ್ಣಲ್ಲಿ ನೀರು ಬಂತು. ಅದು ಯಾಕೆ ನನಗೆ ಕೇಳುತ್ತಿದೆ ಎಂದು ಆಗಲೇ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

“ಇದೇ ಹಾಕೋಣ,” ಅಂದೆ.

ಮಗಳು ಮುಖ ಕಿವುಚಿದಳು. “ಅಪ್ಪ, ಇದು ಸ್ವಲ್ಪ ಚುರ್ರ್ ಅನ್ನಲ್ವಾ? ಎರಡ್ನೇದೇ ಚೆನ್ನಾಗಿದೆ ಅನ್ಸುತ್ತೆ.”

“ಅದ್ರಲ್ಲಿ ಜೀವ ಇಲ್ಲಮ್ಮ. ಇದು ದೊಡ್ಡ ಹಾಲಲ್ಲಿ ಸರಿಹೋಗುತ್ತೆ. ನಾನ್ ಹೇಳ್ತಿಲ್ವಾ?”

ಅವಳು ಒಪ್ಪಿಕೊಂಡಳು. ಅಪ್ಪನಿಗೆ ಗೊತ್ತಿರುತ್ತದೆ ಎಂದು ಒಪ್ಪಿಕೊಂಡಳು.

ಭಾನುವಾರ ಯಜಮಾನ ಬಿಳಿ ಅಂಗಿ ತೊಟ್ಟು ಹೆಂಡತಿಯೊಂದಿಗೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತ. ಜನ ಚೆನ್ನಾಗಿ ಸೇರಿದ್ದರು. ಅವತ್ತು ಎರಡೂ ಕೋಣೆಗಳಲ್ಲಿ ರೆಕಾರ್ಡ್ ಹಾಕಿದವರು ಹುಡುಗರು. ಯಜಮಾನನ ಹೆಂಡತಿ ಕಾಲಲ್ಲೇ ಸಣ್ಣಗೆ ತಾಳ ಹಾಕುತ್ತಿದ್ದುದನ್ನು ಮಗಳು ದೂರದಿಂದ ನನಗೆ ಕಣ್ಣಲ್ಲೇ ತೋರಿಸಿದಳು. ಅವಳ ಮುಖದಲ್ಲಿ ಅಂಥ ನಗು ನೋಡಿ ಎಷ್ಟು ಕಾಲವಾಗಿತ್ತೋ.

ಬಾಗಿಲು ಮಡಚಿದರು. ನಾನು ಮೂರನೆಯದಕ್ಕೆ ಸೂಜಿ ಇಳಿಸಿದೆ. ದೊಡ್ಡ ಹಾಲಿನಲ್ಲಿ, ಅಷ್ಟು ಜನರ ನಡುವೆ, ಮನೆಯಲ್ಲಿ ಕೇಳಿದ್ದು ಕೇಳಲಿಲ್ಲ. ಆ ಹೆಂಗಸಿನ ಉಸಿರು ಮತ್ತೆ ಹೋಗಿಬಿಟ್ಟಿತ್ತು. ಸಣ್ಣ ಸದ್ದುಗಳನ್ನು ಏರಿಸುವ ಟ್ರೆಬಲ್ ತಿರುಪನ್ನು ಸ್ವಲ್ಪ ತಿರುಗಿಸಿದೆ. ಕೇಳಲಿಲ್ಲ. ಇನ್ನೂ ತಿರುಗಿಸಿದೆ. ಕೊನೆಯವರೆಗೆ ತಿರುಗಿಸಿದೆ. ಆಗ ಕೇಳಿತು. ಸಮಾಧಾನವಾಗಿ ತಲೆ ಎತ್ತಿದರೆ ಯಾರೂ ಕುಣಿಯುತ್ತಿರಲಿಲ್ಲ. ಮುಂದಿದ್ದವರು ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಸರಿಯುತ್ತಿದ್ದರು. ಯಜಮಾನನ ಹೆಂಡತಿ ಸೆರಗನ್ನು ಕಿವಿಗೆ ಒತ್ತಿ ಎದ್ದು ನಿಂತಿದ್ದಳು. ಗೆಳತಿ ಸ್ಪೀಕರಿನ ಕಡೆ ಓಡಿದಳು.

ಎಲ್ಲರ ಕಣ್ಣು ಸ್ಪೀಕರಿನ ಮೇಲಿತ್ತು. ಆ ಹೊತ್ತಿನಲ್ಲಿ ನನ್ನ ಬೆರಳು ತಿರುಪನ್ನು ಮೊದಲಿದ್ದ ಜಾಗಕ್ಕೆ ತಂದಿಟ್ಟಿತು.

“ಏನಾಯ್ತೇ? ಏನ್ ಮಾಡ್ದೆ ಸ್ಪೀಕರ್‌ಗೆ?” ಮಗಳು ಕೂಗಿದಳು.

“ನಾನೇನೂ ಮಾಡಿಲ್ಲ ಕಣೇ! ಇಷ್ಟೊತ್ತು ಸರಿಯಾಗೇ ಇತ್ತಲ್ಲ!”

ನಾನು ಸುಮ್ಮನಿದ್ದಿದ್ದರೂ ಸಾಕಿತ್ತು. “ಮೊನ್ನೆ ಹೊಸಾ ವೈರ್ ಹಾಕಿದ್ಳಲ್ಲಮ್ಮ, ಅದೇ ಇರ್ಬೇಕು,” ಅಂದೆ.

ಯಜಮಾನ ಕಿವಿಯೊಳಗೆ ಬೆರಳು ಅಲುಗಿಸುತ್ತ ಹತ್ತಿರ ಬಂದ. “ಅಣ್ಣೋ, ಕಿವಿಗೆ ದಬ್ಬಳ ಚುಚ್ದಂಗಾಯ್ತು. ಇದೇನಾ ನಿಮ್ ಕುಣಿತ?” ಎಂದು ಹೇಳಿ ಇಳಿದು ಹೋದ. ಕೆಳಗೆ ಅಪಾರ್ಟ್‌ಮೆಂಟಿನವರು ಆಗಲೇ ಬಂದು ನಿಂತಿದ್ದರಂತೆ.

ಮಾರನೆಯ ದಿನ ಹಾಲ್ ಬಿಡಲು ಹೇಳಿಕಳಿಸಿದ. ಮಗಳು ಗೆಳತಿಯೊಂದಿಗೆ ಫೋನಿನಲ್ಲಿ ಜಗಳವಾಡಿದ್ದು ನನಗೆ ಚೆನ್ನಾಗಿ ಕೇಳಿತು. “ಇಷ್ಟ್ ವರ್ಷ ಕಟ್ಟಿದ್ದು ನಿನ್ನೊಂದು ವೈರಿಂದ ಹೋಯ್ತು” ಅಂದಳು. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತಳು. ನಾನು ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಹೇಳಿಬಿಡೋಣ ಎಂದು ಎಷ್ಟು ಸಲ ಎದ್ದೆನೋ, ಮತ್ತೆ ಕೂತೆನೋ. ಹೇಳಿದರೆ ಹಾಲ್ ಬರುವುದಿಲ್ಲ, ಮಗಳೂ ಹೋಗುತ್ತಾಳೆ ಅನ್ನಿಸುತ್ತಿತ್ತು. ಕೆರೆ ಏರಿಯ ಮೇಲೆ ನಡೆದು ನಡೆದು ಕಾಲು ಬಾತಿತು. ಹೀಗೆ ಒಂದು ವಾರ ಕಳೆದೆ.

ಹಾಲ್ ಖಾಲಿ ಮಾಡುವ ದಿನ ಗೆಳತಿ ತನ್ನ ಸಾಮಾನು ತೆಗೆದುಕೊಳ್ಳಲು ಬಂದಳು. ಇಬ್ಬರೂ ಮಾತಾಡದೆ ಗೋಡೆಯ ಫೋಮ್ ಕೀಳುತ್ತಿದ್ದರು. ಕೊನೆಗೆ ಗೆಳತಿಯೇ ನೆಲದ ಮೇಲೆ ಕೂತು ಹೇಳಿದಳು. “ಸಾರಿ ಕಣೇ. ಎಲ್ಲಾ ಬಿಚ್ಚಿ ನೋಡ್ದೆ. ಎಲ್ಲಿ ತಪ್ಪಾಯ್ತೋ ನಂಗೆ ಸಿಗ್ತಿಲ್ಲ. ಅಂಕಲ್ ಹೇಳ್ದಂಗೆ ವೈರೇ ಇರ್ಬೇಕು.”

ಅವಳು ನನ್ನ ಸುಳ್ಳನ್ನು ನಂಬಿದ್ದಳು. ಅದನ್ನು ನನಗೆ ತಡೆಯಲಾಗಲಿಲ್ಲ.

“ವೈರಲ್ಲಮ್ಮ,” ಅಂದೆ. “ನಾನು ಟ್ರೆಬಲ್ ಪೂರ್ತಿ ತಿರುಗಿಸ್ದೆ. ಆಮೇಲೆ ಯಾರಿಗೂ ಕಾಣ್ದಂಗೆ ವಾಪಸ್ ಇಟ್ಟೆ. ನಂಗೆ ಸಣ್ಣ ಸದ್ದು ಕೇಳ್ಸಲ್ಲ. ಬಹಳ ದಿನ ಆಯ್ತು.”

ಮಗಳು ನಕ್ಕಳು. “ಸುಮ್ನಿರಪ್ಪ. ಅವಳನ್ನ ಬಚಾವ್ ಮಾಡೋಕೆ ಏನೇನೋ ಹೇಳ್ಬೇಡ. ಮಾತೆಲ್ಲ ಕೇಳುತ್ತಲ್ಲ ನಿಂಗೆ!”

“ಮಾತು ಕೇಳುತ್ತೆ.”

ಅವಳು ಎದ್ದು ನನ್ನ ಬೆನ್ನ ಹಿಂದೆ ಹೋದಳು. ನಾನು ಕಾದೆ. ಎದುರಿಗೆ ಕೂತಿದ್ದ ಗೆಳತಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ಏನು ನಡೆಯುತ್ತಿದೆ ಎಂದು ತಿರುಗಿ ನೋಡಿದೆ. ಮಗಳು ಹಾಲಿನ ಬೀಗದ ಕೈ ಗೊಂಚಲನ್ನು ನನ್ನ ತಲೆಯ ಹಿಂದೆ ಹಿಡಿದು ಜೋರಾಗಿ ಅಲುಗಿಸುತ್ತಿದ್ದಳು. ನನ್ನ ಕಣ್ಣೆದುರಿಗೂ ಅಲುಗಿಸಿದಳು. ಆಮೇಲೆ ನಿಲ್ಲಿಸಿದಳು.

“ಒಂದ್ ವಾರ ಅಂಕಲ್,” ಅಂದಳು ಗೆಳತಿ. “ಒಂದ್ ವಾರ ನಾನು ನಿದ್ದೆ ಇಲ್ದೆ ಆ ವೈರ್‌ಗಳ್ನ ಬಿಚ್ಚಿ ಬಿಚ್ಚಿ ನೋಡಿದೀನಿ. ನಂಗೆ ಈ ಕೆಲ್ಸಾನೇ ಬರಲ್ವೇನೋ ಅನ್ಕೊಂಡೆ.”

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

ಬೀಗದ ಕೈಯನ್ನು ಯಜಮಾನನಿಗೆ ನಾನೇ ಕೊಟ್ಟೆ. ಎಲ್ಲ ಹೇಳಿದೆ. ಮಗಳದೇನೂ ತಪ್ಪಿಲ್ಲ, ಇನ್ನೊಂದು ಭಾನುವಾರ ಕೊಡು, ನಾನು ಮಹಡಿಯನ್ನೇ ಹತ್ತುವುದಿಲ್ಲ ಎಂದು ಬೇಡಿದೆ. ನನಗಿಂತ ಚಿಕ್ಕವನ ಮುಂದೆ ಕೈಮುಗಿದು ನಿಂತೆ.

“ಮೊದ್ಲೇ ಏಳ್ಬಾರ್ದಿತ್ತಾ ಅಣ್ಣ?” ಅಂದ. ಅವನಿಗೂ ಕಷ್ಟವಾಗುತ್ತಿತ್ತು. “ಮೊನ್ನೆ ಏಳಿದ್ರೆ ಆಗ್ತಿತ್ತು. ನೆನ್ನೆ ಜಿಮ್ಮಿನೋರಿಗೆ ಮಾತ್ ಕೊಟ್ಬಿಟ್ಟೆ.”

ಮೊನ್ನೆಯೂ ನಾನು ಪೇಪರ್ ಹಿಡಿದು ಕೂತಿದ್ದೆ.

ಮಗಳು ಈಗ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ ಎಂದು ಹಾಲ್ ಹುಡುಕಿ ಸುತ್ತುತ್ತಾಳೆ. ಸಂಗೀತ, ಕುಣಿತ ಎಂದ ಕೂಡಲೇ ಇಲ್ಲ ಅನ್ನುತ್ತಾರೆ. ಕ್ಲಾಸಿಗೆ ಬರುತ್ತಿದ್ದವರು ಬೇರೆ ಕಡೆ ಸೇರಿಕೊಂಡರು. ಅವಳು ನನ್ನೊಂದಿಗೆ ಮಾತಾಡುತ್ತಾಳೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟು. ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೆಷಿನ್ ಹಾಕಿಕೊಂಡರೆ ಸ್ವಲ್ಪ ಕೇಳಬಹುದು, ಮೊದಲಿನ ಹಾಗೆ ಆಗುವುದಿಲ್ಲ ಎಂದರು. ಬರುವಾಗ ಆಟೋದಲ್ಲಿ ಅವಳು ಹೊರಗೆ ನೋಡುತ್ತಿದ್ದಳು.

ಹೋದ ಭಾನುವಾರ ಗೆಳತಿ ಮನೆಗೆ ಬಂದಳು. ನನಗೆ ನಮಸ್ಕಾರ ಹೇಳಲಿಲ್ಲ. ಇಬ್ಬರೂ ಟ್ರಂಕ್ ಎಳೆದು ನೆಲದ ಮೇಲೆ ಕೂತು, ಒಂದೊಂದೇ ರೆಕಾರ್ಡ್ ಹಾಕಿ ಯಾವ ಮಿಕ್ಸ್ ಯಾವ ಕೋಣೆಗೆ ಎಂದು ವಿಂಗಡಿಸತೊಡಗಿದರು. ನನ್ನನ್ನು ಕೇಳಲಿಲ್ಲ. ನಾನು ಬಾಗಿಲ ಹತ್ತಿರ, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೂತಿದ್ದೆ. ಆ ಹೆಂಗಸಿನ ರೆಕಾರ್ಡೂ ಬಂತು. ಎರಡನೆಯ ಮಿಕ್ಸನ್ನು ಇಬ್ಬರೂ ಕೊನೆಯವರೆಗೆ ತಲೆದೂಗುತ್ತ ಕೇಳಿದರು.

“ಇದೇ ಸರಿ ಇತ್ತಲ್ವಾ?” ಅಂದಳು ಮಗಳು.

“ಇದೇ. ಆದ್ರೆ ಈಗ ಹಾಕೋದೆಲ್ಲೇ?”

ಮಗಳ ಹೆಗಲು ಕುಗ್ಗಿತು, ಗೆಳತಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಹಾಡು ಮುಗಿದು ಸೂಜಿ ರೆಕಾರ್ಡಿನ ನಡುವೆ ಸೇರಿ ಟಕ್, ಟಕ್ ಎಂದು ಸುತ್ತುತ್ತಿತ್ತು. ಆ ದಪ್ಪ ಸದ್ದು ನನಗೆ ಕೇಳುತ್ತದೆ. ಅವರಿಬ್ಬರೂ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ನಾನು ಎದ್ದು ಹೋಗಿ ಸೂಜಿ ಎತ್ತಿಟ್ಟೆ.